ಜೇಬಿನಲ್ಲಿ ಚೀಟಿ ಇರಲಿಲ್ಲ, ಪುಸ್ತಕದಲ್ಲಿ ಹೆಸರೂ ಇರಲಿಲ್ಲ

ಕಲಬುರಗಿಯ ಒಂದು ದಾಲ್ ಮಿಲ್ಲಿನ ಟೈಮ್ ಆಫೀಸಿನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಹಾಜರಿ, ಪಗಾರ, ಗೇಟಿನ ನಿಯಮ ಎಲ್ಲ ನನ್ನ ಕೈಯಲ್ಲೇ ಇತ್ತು. 2025ರ ಜನವರಿಯಲ್ಲಿ ನಮ್ಮ ಹಮಾಲರೊಬ್ಬರು ಸೈಕಲ್ ಮೇಲೆ ಮನೆಗೆ ಹೋಗುವಾಗ ಅಪಘಾತವಾಯಿತು. ಅವರು ಯಾರು ಅಂತ ಗೊತ್ತಾಗಲು ಎರಡು ದಿನ ಹಿಡಿಯಿತು. ಅದಾದ ಮೇಲೆ, ಸೈಕಲ್ ಮೇಲೆ ಬರುವವರೆಲ್ಲ ಗುರುತಿನ ಚೀಟಿ ತರಲೇಬೇಕು ಅಂತ ನಾನೇ ಒಂದು ನಿಯಮ ಬರೆದೆ. ಐದು ವಾರಕ್ಕೆ ನಾನೇ ಅದನ್ನು ತೆಗೆದುಹಾಕಿದೆ.

ಸೈಕಲ್‌ಗೆ ಲೈಸೆನ್ಸ್ ಬೇಕು, ನಂಬರ್ ಬೇಕು, ಸವಾರರ ಹತ್ತಿರ ಆಧಾರ್ ಇರಬೇಕು ಎಂಬ ಮಾತು ಆಗಾಗ ಏಳುತ್ತಲೇ ಇರುತ್ತದೆ. ಹಾಗೆ ಹೇಳುವವರ ಕಾಳಜಿ ನನಗೆ ಅರ್ಥವಾಗುತ್ತದೆ. ನಾನೂ ಅವರಲ್ಲೊಬ್ಬನಾಗಿದ್ದೆ. ಆದ್ದರಿಂದ ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಮಿಲ್ಲು, ಜನ, ಜಾಗ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ತೊಗರಿ ಸೀಸನ್ ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ಎಳ್ಳಮಾವಾಸ್ಯೆ ಮುಗಿಯುವ ಹೊತ್ತಿಗೆ ಹೊಲದಲ್ಲಿ ರಾಶಿ ಶುರುವಾಗಿರುತ್ತದೆ. ಜನವರಿಯಿಂದ ಮಾರ್ಚ್ ತನಕ ಮಿಲ್ಲುಗಳಿಗೆ ಬಿಡುವಿಲ್ಲ. ಲಾರಿ ಯಾವಾಗ ಬಂದರೂ ಚೀಲ ಇಳಿಸಬೇಕು. ಬೆಳಗಿನ ಪಾಳಿಯವರು ಕತ್ತಲಲ್ಲೇ ಮನೆ ಬಿಡುತ್ತಾರೆ. ಸಂಜೆ ಪಾಳಿಯವರು ಮನೆ ಮುಟ್ಟುವಾಗ ರಾತ್ರಿ ಹತ್ತು ದಾಟಿರುತ್ತದೆ.

ನಮ್ಮಲ್ಲಿ ಸೀಸನ್‌ನಲ್ಲಿ ನೂರರ ಹತ್ತಿರ ಜನ ಇರುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನರದ್ದು ಸೈಕಲ್. ಬೈಕ್ ಇದ್ದವರೂ ಪೆಟ್ರೋಲ್ ಉಳಿಸಲು ಕೆಲವೊಮ್ಮೆ ಸೈಕಲ್ ಮೇಲೆ ಬರುತ್ತಿದ್ದರು. ಸೈಕಲ್‌ಗಳಲ್ಲಿ ಒಂದಷ್ಟು ಶಾಲೆಯವು. ನಮ್ಮ ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತಲ್ಲ, ಕೋವಿಡ್ ಬಂದಾಗ ನಿಂತಿತು. ಮಗಳು ಶಾಲೆ ಮುಗಿಸಿದ ಮೇಲೆ ಅಪ್ಪ ಅದೇ ಸೈಕಲ್ ತುಳಿಯುತ್ತಿದ್ದ. ಹಿಂದೆ ಕ್ಯಾರಿಯರ್‌ನಲ್ಲಿ ರೊಟ್ಟಿ ಬುತ್ತಿ, ಹ್ಯಾಂಡಲ್‌ಗೆ ನೀರಿನ ಬಾಟಲಿ. ಲೈಟ್ ಇದ್ದ ಸೈಕಲ್ ಹತ್ತರಲ್ಲಿ ಒಂದೂ ಇರಲಿಲ್ಲ.

ಅಪಘಾತ ಆದವರನ್ನು ಇಲ್ಲಿ ಕಾಕಾ ಅಂತ ಕರೆಯುತ್ತೇನೆ. ಮಿಲ್ಲಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು. ಮುಕಾದಮರ, ಅಂದರೆ ಆಳುಗಳನ್ನು ಕರೆತರುವ ಗುತ್ತಿಗೆ ಮೇಸ್ತ್ರಿಯ, ಗುಂಪಿನಲ್ಲಿ ಚೀಲ ಹೊರುವವರು. ಆರು ಸೀಸನ್‌ನಿಂದ ನಮ್ಮಲ್ಲೇ ಇದ್ದರು. ಮಾತು ಕಡಿಮೆ. ಅವರ ಪೂರ್ತಿ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಎರಡು ದಿನ

ಎಳ್ಳಮಾವಾಸ್ಯೆಯಾಗಿ ಒಂದು ವಾರ ಆಗಿತ್ತು. ಅವತ್ತು ರಾತ್ರಿ ಒಂಬತ್ತೂವರೆಗೆ ಕಾಕಾ ಗೇಟ್ ದಾಟಿದರು. ರಿಂಗ್ ರೋಡ್ ಸೇರುವ ಮುಂಚೆ ದೀಪವಿಲ್ಲದ ಒಂದು ತಿರುವಿದೆ. ಅಲ್ಲಿ ಹಿಂದಿನಿಂದ ಬಂದ ಗಾಡಿ ಗುದ್ದಿ ನಿಲ್ಲದೇ ಹೋಯಿತು. ಅದು ಲಾರಿಯೋ ಪಿಕಪ್ಪೋ ಇವತ್ತಿನ ತನಕ ಗೊತ್ತಾಗಿಲ್ಲ. ಆ ದಾರಿಯಲ್ಲಿ ಬಂದ ಹಾಲಿನ ಗಾಡಿಯವರೊಬ್ಬರು 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬರುವ ತನಕ ಪಕ್ಕದಲ್ಲೇ ಕೂತಿದ್ದರು. ಆಮೇಲೆ ಹೆಸರು ಹೇಳದೇ ಹೊರಟುಹೋದರು. ಹಾಗೆ ಹೋಗಲು ಅವರಿಗೆ ಹಕ್ಕಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಮತ್ತು ಅದರಡಿ ಬಂದ ನಿಯಮಗಳ ಪ್ರಕಾರ ಗಾಯಾಳುವಿಗೆ ನೆರವಾದವರನ್ನು ಹೆಸರು ಹೇಳು ಅಂತ ಯಾರೂ ಬಲವಂತ ಮಾಡುವಂತಿಲ್ಲ.

ಕಾಕಾ ಅವರ ತೊಡೆ ಮೂಳೆ ಮುರಿದಿತ್ತು. ತಲೆಗೂ ಪೆಟ್ಟಾಗಿತ್ತು. ಪ್ರಜ್ಞೆ ಇರಲಿಲ್ಲ. ಜೇಬಿನಲ್ಲಿ ಇದ್ದದ್ದು ಸ್ವಲ್ಪ ಚಿಲ್ಲರೆ, ಒಂದು ಸುಣ್ಣದ ಡಬ್ಬಿ. ಫೋನ್ ಮನೆಯಲ್ಲಿತ್ತು, ಮಗಳು ಓದಲು ಇಟ್ಟುಕೊಂಡಿದ್ದಳು. ಆಸ್ಪತ್ರೆಯವರು 'ಅಪರಿಚಿತ ಗಂಡಸು, ವಯಸ್ಸು ಸುಮಾರು 50' ಅಂತ ಬರೆದುಕೊಂಡು ಚಿಕಿತ್ಸೆ ಶುರು ಮಾಡಿದರು. ಇದನ್ನು ಒತ್ತಿ ಹೇಳಬೇಕು. ಹೆಸರು ಗೊತ್ತಿಲ್ಲ ಅಂತ ಅವರ ಚಿಕಿತ್ಸೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ.

ತೊಂದರೆ ಆದದ್ದು ಬೇರೆ ಕಡೆ. ಕಾಕಾಗೆ ಫಿಟ್ಸ್ ಇತ್ತು. ದಿನಾ ಎರಡು ಹೊತ್ತು ಗುಳಿಗೆ ನುಂಗುತ್ತಿದ್ದರು. ಎರಡು ದಿನ ಆ ಗುಳಿಗೆ ತಪ್ಪಿತು. ಮೂರನೇ ದಿನ ಬೆಳಗಿನ ಜಾವ ಆಸ್ಪತ್ರೆಯಲ್ಲೇ ಫಿಟ್ಸ್ ಬಂತು. ತಲೆಪೆಟ್ಟಿನಿಂದ ಬಂದದ್ದೋ ಹಳೆಯದೋ ಅಂತ ಡಾಕ್ಟರರು ತಲೆ ಕೆಡಿಸಿಕೊಂಡರು. ಹಳೆಯದು ಅಂತ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಇತ್ತ ಮನೆಯಲ್ಲಿ ಅವರ ಹೆಂಡತಿ ಮೊದಲ ರಾತ್ರಿ ಡಬಲ್ ಪಾಳಿ ಇರಬೇಕು ಅಂದುಕೊಂಡರು. ಮರುದಿನ ಊರ ಕಡೆ ಹೋಗಿರಬೇಕು ಅಂದುಕೊಂಡರು. ಆ ಸಂಜೆ ಮಗಳನ್ನು ಕರೆದುಕೊಂಡು ನಮ್ಮ ಗೇಟಿಗೆ ಬಂದರು. ವಾಚ್‌ಮನ್ ಬೇರೆ ಪಾಳಿಯವ. "ಕಾಕಾ ಬಂದಿಲ್ರೀ ಇವತ್ತು" ಅಂದು ಕಳಿಸಿದ. ಅದೇ ದಿನ ಮಧ್ಯಾಹ್ನ ಪೊಲೀಸರೊಬ್ಬರು ಆಸುಪಾಸಿನ ಮಿಲ್ಲುಗಳನ್ನೆಲ್ಲ ವಿಚಾರಿಸುತ್ತಾ ನನ್ನ ಟೇಬಲ್ ಮುಂದೆ ಬಂದಿದ್ದರು.

"ನಿಮ್ಮ ಮಂದ್ಯಾಗ ಯಾರರ ನಾಪತ್ತೆ ಆಗ್ಯಾರೇನ್ರೀ?"

ನಾನು ಹಾಜರಿ ಪುಸ್ತಕ ತೆಗೆದು ನೋಡಿದೆ. ಹೆಸರಿದ್ದವರೆಲ್ಲ ಬಂದಿದ್ದರು, ಇಲ್ಲವೇ ರಜೆ ಹೇಳಿದ್ದರು. "ಇಲ್ಲ ಸರ್, ನಮ್ಮವರು ಯಾರೂ ಇಲ್ಲ" ಅಂದೆ. ಅವರು ಹೋದರು.

ಮೂರನೇ ದಿನ ಚಹಾದ ಅಂಗಡಿಯ ಹುಡುಗ ಮುರಿದ ಸೈಕಲ್ಲನ್ನು ಠಾಣೆ ಮುಂದೆ ನೋಡಿದ. ಸೀಟಿಗೆ ಸುತ್ತಿದ್ದ ಹಸಿರು ಬಟ್ಟೆಯಿಂದ ಗುರುತು ಹಿಡಿದ. ಹಾಗೆ ಸಿಕ್ಕಿದರು ಕಾಕಾ.

ನಾವು ಮೊದಲು ಮಾಡಿದ್ದು

ಎಲ್ಲರ ಬಾಯಲ್ಲೂ ಒಂದೇ ಮಾತು. ಜೇಬಿನಲ್ಲಿ ಒಂದು ಚೀಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ನನಗೂ ಹಾಗೇ ಅನ್ನಿಸಿತು. ಆ ಹೆಣ್ಣುಮಗಳು ಗೇಟಿನಿಂದ ವಾಪಸ್ ಹೋದದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಏನಾದರೂ ಮಾಡಲೇಬೇಕಿತ್ತು.

ಮರುದಿನವೇ ಗೇಟಿಗೆ ನೋಟಿಸ್ ಹಚ್ಚಿದೆ. ಸೈಕಲ್ ಮೇಲೆ ಬರುವವರು ಆಧಾರ್ ಅಥವಾ ಬೇರೆ ಗುರುತಿನ ಚೀಟಿ ತೋರಿಸಬೇಕು. ಇಲ್ಲದಿದ್ದರೆ ಸೈಕಲ್ ಒಳಗೆ ಬಿಡುವುದಿಲ್ಲ. ಅಕ್ಕಪಕ್ಕದ ಎರಡು ಮಿಲ್ಲಿನವರೂ ಇದನ್ನೇ ಮಾಡಿದರು. ಮೂರೂ ಕಡೆಯವರು ಸೇರಿ ಇನ್ನೊಂದು ಹೆಜ್ಜೆ ಮುಂದೆ ಹೋಗುವ ಯೋಚನೆ ಮಾಡಿದೆವು. ಊರಿನ ಎಲ್ಲ ಸೈಕಲ್‌ಗಳಿಗೂ ಹಿಂದಿನ ಹಾಗೆ ಬಿಲ್ಲೆ ಕೊಡಿ, ಸವಾರರಿಗೆ ಲೈಸೆನ್ಸ್ ಕೊಡಿ ಅಂತ ಪಾಲಿಕೆಗೆ ಅರ್ಜಿ. ಕರಡು ಬರೆದವನು ನಾನೇ.

'ಹಿಂದಿನ ಹಾಗೆ' ಅಂದೆ. ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಮುನ್ಸಿಪಾಲ್ಟಿಯವರು ವರ್ಷಕ್ಕೊಮ್ಮೆ ಸೈಕಲ್ ತೆರಿಗೆ ವಸೂಲಿ ಮಾಡಿ ಒಂದು ಲೋಹದ ಬಿಲ್ಲೆ ಕೊಡುತ್ತಿದ್ದರು. ಮಿಲ್ಲಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರ ಹತ್ತಿರ ಅಂಥದ್ದೊಂದು ಇನ್ನೂ ಇತ್ತು. ಎಲ್ಲಿಂದಲೋ ಬಂದ ಹಳೇ ಸೈಕಲ್‌ನದ್ದು. ಅರ್ಜಿಯ ವಿಷಯ ಹೇಳಿದಾಗ ಅವರು ಅದನ್ನು ನನ್ನ ಅಂಗೈಗೆ ಹಾಕಿ, "ಇದರಾಗ ಯಾರ ಹೆಸರ್ ಅದಾ ಓದ್ರಿ" ಅಂದರು. ಒಂದು ನಂಬರ್, ಒಂದು ವರ್ಷ. ಅಷ್ಟೇ. ತೆರಿಗೆ ಕಟ್ಟಿದ್ದಕ್ಕೆ ಅದು ಗುರುತು, ತುಳಿಯುವವರಿಗೆ ಅಲ್ಲ. ಅವತ್ತು ಅವರ ಮಾತು ನನ್ನ ತಲೆಗೆ ಪೂರ್ತಿ ಇಳಿಯಲಿಲ್ಲ.

ಏನಾಯಿತು

ಮೊದಲ ವಾರ ಸೈಕಲ್ ಸ್ಟ್ಯಾಂಡ್ ಅರ್ಧ ಖಾಲಿ. ಚೀಟಿ ಇಲ್ಲದವರು ಸೈಕಲ್ಲನ್ನು ಹೊರಗೆ ಜಾಲಿ ಗಿಡದ ಹತ್ತಿರ, ಚಹಾ ಅಂಗಡಿಯ ಹಿಂದೆ ನಿಲ್ಲಿಸಿ ನಡೆದು ಒಳಗೆ ಬಂದರು. ಎರಡು ಸೈಕಲ್ ಕಳುವಾದವು. ಒಬ್ಬರದ್ದು ಆಗ ತಾನೇ ಕೊಂಡ ಸೈಕಲ್, ಇನ್ನೂ ಕಂತು ಕಟ್ಟುತ್ತಿದ್ದರು.

ಚೀಟಿ ತಂದವರ ಪಾಡು ಬೇರೆ. ಬೆವರಿಗೆ ಕಾಗದ ನೆನೆದು ಹರಿಯಿತು. ಝೆರಾಕ್ಸ್ ನಡೆಯಲ್ಲ ಅಂತ ಒಬ್ಬ ವಾಚ್‌ಮನ್, ನಡೆಯುತ್ತೆ ಅಂತ ಇನ್ನೊಬ್ಬ. ಬೇಕಾದವರನ್ನು ಬಿಡುವುದು, ಬೇಡಾದವರನ್ನು ತಡೆಯುವುದು ಶುರುವಾಯಿತು. ಚಹಾದ ದುಡ್ಡು ಕೈ ಬದಲಾಯಿತು ಅಂತಲೂ ಕೇಳಿದೆ. ಗೇಟಿನಲ್ಲಿ ತಡೆದ ಕಾರಣಕ್ಕೆ ಒಬ್ಬರಿಗೆ ಅರ್ಧ ದಿನದ ಹಾಜರಿ ಹೋಯಿತು. ಅಪ್ಪನಿಗೆ ಬುತ್ತಿ ತರುತ್ತಿದ್ದ ಹನ್ನೆರಡು ವರ್ಷದ ಹುಡುಗನನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ನೋಟಿಸ್ ಬರೆಯುವಾಗ ಇದರಲ್ಲಿ ಒಂದನ್ನೂ ನಾನು ಯೋಚಿಸಿರಲಿಲ್ಲ.

ಎರಡನೇ ವಾರ ಇನ್ನೊಂದು ವಿಷಯ ಹೊರಬಿತ್ತು. ಒಂಬತ್ತು ಜನ ಆಧಾರ್ ತರಲು ಆಗುವುದೇ ಇಲ್ಲ ಅಂದರು. ಯಾಕೆ ಅಂತ ಕೇಳಿದರೆ ಮೊದಲು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬರು ಸಣ್ಣ ದನಿಯಲ್ಲಿ ಹೇಳಿದರು. ಸೀಸನ್ ಮುಂಚೆ ಮುಕಾದಮರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡಿದ್ದರು. ಅದು ತೀರುವ ತನಕ ಆಧಾರ್ ಅವರ ಹತ್ತಿರವೇ. ಅಂದರೆ ನಾನು ಗೇಟಿನಲ್ಲಿ ಕೇಳುತ್ತಿದ್ದ ಚೀಟಿ ಬೇರೆಯವರ ಪೆಟ್ಟಿಗೆಯಲ್ಲಿ ಅಡವಿಗೆ ಇತ್ತು. ಇವರು ಸುಮ್ನೆ ಬೈಸಿಕೊಳ್ಳುತ್ತಿದ್ದರು.

ತಿರುವು

ಫೆಬ್ರವರಿ ಮೊದಲ ವಾರ ಕಾಕಾ ಅವರ ಹೆಂಡತಿ ಪಗಾರದ ಬಾಕಿ ಕೇಳಲು ಆಫೀಸಿಗೆ ಬಂದರು. ಕಾಕಾಗೆ ಆಗ ಪ್ರಜ್ಞೆ ಬಂದಿತ್ತು, ಆಪರೇಷನ್ ಆಗಿತ್ತು. ನಾನು ನಮ್ಮ ಹೊಸ ನಿಯಮದ ಬಗ್ಗೆ ಹೇಳಿದೆ. ಇನ್ನು ಮುಂದೆ ಯಾರಿಗೂ ಹೀಗಾಗಬಾರದು ಅಂತ ಮಾಡಿದ್ದೇವೆ ಅಂದೆ. ಮುಂದೆ ಮಿಲ್ಲಿನಿಂದಲೇ ಕಾರ್ಡ್ ಮಾಡಿಸಿದರೆ ಅದರ ಮೇಲೆ ಹೆಸರು, ಫೋನ್ ನಂಬರ್, ರೋಗವಿದ್ದರೆ ಅದೂ ಇರುತ್ತದೆ ಅಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು.

"ಸಾಹೇಬ್ರೇ, ಫಿಟ್ಸ್ ಅದಾ ಅಂತ ಕಾರ್ಡಿನ ಮ್ಯಾಲ ಬರದ್ರ, ಚೀಲಾ ಹೊರಾಕ ಕರೀತಿದ್ರೇನ್ರೀ ಅವರಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕರೆಯುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆರು ವರ್ಷ ಕಾಕಾ ಅದನ್ನು ಬಚ್ಚಿಟ್ಟದ್ದು ಇದೇ ಕಾರಣಕ್ಕೆ.

ಆಮೇಲೆ ಪಗಾರ ಲೆಕ್ಕ ಹಾಕಲು ಪುಸ್ತಕ ತೆಗೆದೆ. ಕಾಕಾ ಅವರ ಹೆಸರು ಹುಡುಕಿದೆ. ಇಲ್ಲ. ನಮ್ಮ ಪುಸ್ತಕದಲ್ಲಿ 'ಹಮಾಲರು, 14 ಜನ, ಮುಕಾದಮರ ಮೂಲಕ' ಅಂತ ಒಂದೇ ಸಾಲು. ಎದುರಿಗೆ ಒಟ್ಟು ಮೊತ್ತ. ಹಾಜರಿಯೂ ಹಾಗೇ, ದಿನಕ್ಕೆ ಒಂದು ಸಂಖ್ಯೆ. ಅವತ್ತು ಪೊಲೀಸರು ಬಂದಾಗ ಆ ಸಾಲಿನ ಎದುರು '14' ಅಂತಲೇ ಬರೆದಿತ್ತು. ಮುಕಾದಮರು ಕಾಕಾ ಬದಲಿಗೆ ಇನ್ನೊಬ್ಬರನ್ನು ತಂದಿದ್ದರು. ಲೆಕ್ಕ ಸರಿ ಇತ್ತು. ಮನುಷ್ಯ ಇರಲಿಲ್ಲ.

ನಾನು ಪೊಲೀಸರಿಗೆ "ನಮ್ಮವರು ಯಾರೂ ಇಲ್ಲ" ಅಂದದ್ದು ಇದನ್ನೇ ನೋಡಿ. ಅವತ್ತು ಆ ಪುಸ್ತಕದಲ್ಲಿ ಕಾಕಾ ಅವರ ಹೆಸರು, ಮನೆಯ ಫೋನ್ ಇದ್ದಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಅವರ ಜೇಬಿನಲ್ಲಿ ಏನೂ ಇರಬೇಕಾಗಿರಲಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಾಗ ನಾವು ಮಿಲ್ಲಿನಲ್ಲಿ ಸಿಹಿ ಹಂಚಿದ್ದೆವು. ಆ ಬೇಳೆಯ ಚೀಲ ಹೊತ್ತವರ ಹೆಸರು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಇದಕ್ಕೆ ಇನ್ನೊಂದು ಮುಖವಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಾರ್ಖಾನೆಯಲ್ಲಿ ಗುತ್ತಿಗೆಯವರ ಮೂಲಕ ಬಂದವರ ಕಾರ್ಮಿಕ ವಿಮೆಯ, ಅಂದರೆ ಇಎಸ್‌ಐ ಕಂತನ್ನೂ ಮೊದಲು ಮುಖ್ಯ ಮಾಲೀಕರೇ ಕಟ್ಟಬೇಕು. ಇಎಸ್‌ಐ ಕಾಯ್ದೆಗೆ 2010ರಲ್ಲಿ 51ಇ ಕಲಂ ಸೇರಿಸಿದ್ದರು, ಕಾಕಾಗೆ ಅಪಘಾತ ಆದಾಗ ಅದೇ ಜಾರಿಯಲ್ಲಿತ್ತು. ಅದರ ಪ್ರಕಾರ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯಲ್ಲಿ ಆದ ಅಪಘಾತವನ್ನೂ ಕೆಲಸದ ಮೇಲೆ ಆದ ಗಾಯ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾಗಿತ್ತು. ಸೈಕಲ್ ತುಳಿದುಕೊಂಡು ಹೋದರೂ ಅಷ್ಟೇ. ಕಾಕಾ ಹೆಸರು ನೋಂದಾಯಿಸಿದ್ದರೆ ಆ ಕುಟುಂಬಕ್ಕೆ ಅದೇ ದೊಡ್ಡ ಆಸರೆ ಆಗುತ್ತಿತ್ತು. ನಾವು ಅವರಿಗೆ ಕೊಡಬೇಕಾಗಿದ್ದ ಗುರುತು ಅದು. ಅದನ್ನು ಕೊಡದೇ ಅವರಿಂದ ಗುರುತು ಕೇಳಲು ಹೊರಟಿದ್ದೆವು.

ಕಾನೂನು ಏನು ಹೇಳುತ್ತದೆ

ಪಾಲಿಕೆಗೆ ಅರ್ಜಿ ಕೊಡುವ ಮುಂಚೆ ಪರಿಚಯದ ವಕೀಲರಿಗೆ ತೋರಿಸಿದೆ. ಅವರು ಒಂದೊಂದೇ ಬಿಡಿಸಿ ಹೇಳಿದರು.

ಸೈಕಲ್ 1988ರ ಮೋಟಾರು ವಾಹನ ಕಾಯ್ದೆಯ ಒಳಗೆ ಬರುವುದೇ ಇಲ್ಲ. ಆ ಕಾಯ್ದೆ ಮೋಟಾರು ಇರುವ ಗಾಡಿಗಳದ್ದು. ಗಂಟೆಗೆ 25 ಕಿ.ಮೀ. ಒಳಗೆ ಓಡುವ, 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಬ್ಯಾಟರಿ ಸೈಕಲ್‌ಗೂ ಲೈಸೆನ್ಸ್ ಬೇಡ. ಹಾಗಂತ ಸೈಕಲ್ ಸವಾರರು ಏನು ಮಾಡಿದರೂ ನಡೆಯುತ್ತೆ ಅಂತ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಯಾವುದೇ ವಾಹನವನ್ನು ಜನರ ಜೀವಕ್ಕೆ ಅಪಾಯವಾಗುವ ಹಾಗೆ ಓಡಿಸುವುದು ಅಪರಾಧ ಅನ್ನುತ್ತದೆ. ಅದು ಸೈಕಲ್‌ಗೂ ಅನ್ವಯ. ಪೊಲೀಸರ ಕಣ್ಣೆದುರೇ ಸಣ್ಣ ಅಪರಾಧ ಮಾಡಿದವರು ಹೆಸರು, ವಿಳಾಸ ಹೇಳಲು ಒಪ್ಪದಿದ್ದರೆ ಅದನ್ನು ತಿಳಿಯಲು ಅವರನ್ನು ಹಿಡಿದಿಡಬಹುದು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 39ನೇ ಕಲಂ ಹೇಳುತ್ತದೆ. ತಪ್ಪು ಮಾಡಿದವರ ಹೆಸರು ಕೇಳುವ ದಾರಿ ಆಗಲೇ ಇದೆ. ತಪ್ಪು ಮಾಡದವರು ಚೀಟಿ ಹೊತ್ತು ತಿರುಗಬೇಕು ಅಂತ ಎಲ್ಲೂ ಇಲ್ಲ.

ಲೈಸೆನ್ಸ್ ತಂದರೆ ಏನಾಗುತ್ತೆ ಅಂತಲೂ ಕೇಳಿದೆ. ಅವರು ಡ್ರೈವಿಂಗ್ ಲೈಸೆನ್ಸಿನ ಒಂದನೇ ನಮೂನೆ ತೋರಿಸಿದರು. ಅದರಲ್ಲಿ ಫಿಟ್ಸ್ ಇದೆಯಾ ಅಂತ ಕೇಳುತ್ತಾರೆ. ಸೈಕಲ್‌ಗೂ ಅದೇ ನಮೂನೆ ಬಂದರೆ ಕಾಕಾಗೆ ಲೈಸೆನ್ಸ್ ಸಿಗುವುದೇ ಅನುಮಾನ. ಆಮೇಲೆ ವಯಸ್ಸು. ಗೇರ್ ಇಲ್ಲದ 50 ಸಿಸಿ ಗಾಡಿಗೇ 16 ತುಂಬಬೇಕು. ಎಂಟನೇ ತರಗತಿ ಮಗುವಿಗೆ ಹದಿಮೂರೋ ಹದಿನಾಲ್ಕೋ. ಸರ್ಕಾರವೇ ಕೊಟ್ಟ ಸೈಕಲ್ ಮೇಲೆ ಆ ಮಗು ಶಾಲೆಗೆ ಹೋಗುವುದು ಹೇಗೆ?

ಬೇರೆ ದೇಶದವರು ಏನು ಮಾಡಿದ್ದಾರೆ ಅಂತ ಆಮೇಲೆ ನಾನೇ ಓದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ದೊಡ್ಡವರು ಸೈಕಲ್ ಮೇಲೆ ಹೋಗುವಾಗ ಫೋಟೋ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಬೇಕು ಅಂತ 2015ರ ಕೊನೆಯಲ್ಲಿ ಘೋಷಿಸಿತು. ಜಾರಿಗೆ ಬರುವ ಮುಂಚೆಯೇ ಕೈಬಿಟ್ಟಿತು. ಸ್ವಿಟ್ಜರ್ಲೆಂಡಿನಲ್ಲಿ ಸೈಕಲ್‌ಗೆ ವರ್ಷವರ್ಷ ವಿಮೆಯ ಚೀಟಿ ಅಂಟಿಸಬೇಕಿತ್ತು, 2012ರಿಂದ ಅದು ಇಲ್ಲ. ಆದರೆ ಜಪಾನಿನಲ್ಲಿ 1994ರಿಂದ ಸೈಕಲ್ ನೋಂದಣಿ ಕಡ್ಡಾಯ. ಅದರ ಉದ್ದೇಶ ಕಳುವಾದ ಸೈಕಲ್ ಪತ್ತೆ ಮಾಡುವುದು. ಮಾಲೀಕರಿಗೆ ಉಪಯೋಗವಾಗುವ ನೋಂದಣಿ ಅದು. ನನಗೆ ಆ ವ್ಯತ್ಯಾಸ ಬಹಳ ಮುಖ್ಯ ಅನ್ನಿಸಿತು.

ಇನ್ನೊಂದು ಮಾತು ವಕೀಲರು ಹೇಳಿದ್ದು ಮರೆಯಲು ಆಗುವುದಿಲ್ಲ. "ಗುದ್ದಿದ ಗಾಡಿಗೆ ನಂಬರ್ ಪ್ಲೇಟ್ ಇತ್ತು. ಓಡಿಸಿದವನ ಹತ್ತಿರ ಲೈಸೆನ್ಸ್ ಇದ್ದಿರಲೂಬಹುದು. ಆದರೂ ಸಿಗಲಿಲ್ಲ ಅಲ್ವಾ?" ಗಾಡಿ ಸಿಗಲಿಲ್ಲ ಅಂತ ನಾವು ಪೆಟ್ಟು ತಿಂದವರ ಮೇಲೆ ನಿಯಮ ಹಾಕಿದ್ದೆವು.

ಅರ್ಜಿ ಕೊಡಲಿಲ್ಲ. ಫೆಬ್ರವರಿ ಮುಗಿಯುವ ಮುಂಚೆ ಗೇಟಿನ ನೋಟಿಸ್ ತೆಗೆದೆ.

ಎರಡನೇ ಸಲ ಮಾಡಿದ್ದು

ಈ ಸಲ ಮೊದಲು ಕೇಳಿದೆ. ಪಾಳಿ ಬದಲಾಗುವ ಹೊತ್ತಿಗೆ ಸ್ಟ್ಯಾಂಡ್ ಹತ್ತಿರ ನಿಂತು ಒಬ್ಬೊಬ್ಬರ ಹತ್ತಿರ ಮಾತಾಡಿದೆ. ನಿಮಗೆ ಏನಾದರೂ ಆದರೆ ಯಾರಿಗೆ ಗೊತ್ತಾಗಬೇಕು? ಹೇಗೆ ಗೊತ್ತಾಗಬೇಕು? ಪಂಕ್ಚರ್ ಅಂಗಡಿಯ ಹಿರಿಯರು ಜೊತೆಗಿದ್ದರು. ಅವರ ಮೇಲೆ ಜನಕ್ಕೆ ನನಗಿಂತ ಜಾಸ್ತಿ ನಂಬಿಕೆ.

ಪುಸ್ತಕ ಮೊದಲು ಸರಿಯಾಯಿತು. ಮುಕಾದಮರ ಗುಂಪಿನವರಿಗೂ ಒಬ್ಬೊಬ್ಬರಿಗೆ ಒಂದೊಂದು ಸಾಲು. ಪೂರ್ತಿ ಹೆಸರು, ಮನೆಯ ಒಂದು ಫೋನ್ ನಂಬರ್. ಇದಕ್ಕೆ ಮಿಲ್ಲಿನ ಮಾಲೀಕರಾದ ಸಾವ್ಕಾರ್ರು ಒಪ್ಪಲು ಹದಿನೈದು ದಿನ ಬೇಕಾಯಿತು. ಹೆಸರು ಬರೆದರೆ ಇಎಸ್‌ಐ, ಪಿಎಫ್ ಎಲ್ಲ ಬರುತ್ತೆ ಅಂತ ಅವರಿಗೆ ಗೊತ್ತಿತ್ತು. ಕಾಕಾ ಅವರ ಆಸ್ಪತ್ರೆ ಖರ್ಚನ್ನು ಅವರು ಕೈಯಿಂದ ಕೊಟ್ಟಿದ್ದರು. ಆ ಬಿಲ್ಲಿನ ಪಕ್ಕದಲ್ಲಿ ಇಎಸ್‌ಐ ಕಂತಿನ ಲೆಕ್ಕ ಇಟ್ಟು ತೋರಿಸಿದೆ. ಆಗ ಒಪ್ಪಿದರು. ಮುಕಾದಮರ ಹತ್ತಿರ ಇದ್ದ ಆಧಾರ್‌ಗಳನ್ನು ವಾಪಸ್ ಕೊಡಿಸುವ ಷರತ್ತನ್ನೂ ಅವರಿಂದಲೇ ಹಾಕಿಸಿದೆ. ಒಂಬತ್ತರಲ್ಲಿ ಏಳು ವಾಪಸ್ ಬಂದವು.

ಎರಡನೆಯದು ಹತ್ತು ಗಂಟೆಯ ಫೋನ್. ಹೇಳದೇ ಕೇಳದೇ ಯಾರು ಬಂದಿಲ್ಲವೋ ಅವರ ಮನೆಗೆ ಬೆಳಿಗ್ಗೆ ಹತ್ತರೊಳಗೆ ಒಂದು ಫೋನ್ ಹೋಗಬೇಕು. ಸಂಜೆ ಪಾಳಿಗೆ ಅದೇ ಥರ ಸಂಜೆ ಆರಕ್ಕೆ. ದುಡ್ಡು ಖರ್ಚಿಲ್ಲ, ಕಾರ್ಡ್ ಬೇಡ. ನಾವು ಮಾಡಿದ್ದರಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ ಅಂತ ನನ್ನ ಅನಿಸಿಕೆ. ಏಪ್ರಿಲ್‌ನಲ್ಲಿ ಒಬ್ಬರು ಬಿಸಿಲ ಹೊಡೆತಕ್ಕೆ ಮನೆಯಲ್ಲಿ ಒಬ್ಬರೇ ಬಿದ್ದಿದ್ದರು. ನಮ್ಮ ಫೋನ್ ಹೋದದ್ದು ಬೇರೆ ಊರಲ್ಲಿದ್ದ ಮಗನಿಗೆ. ಅವನು ಪಕ್ಕದ ಮನೆಯವರನ್ನು ಓಡಿಸಿದ.

ಮೂರನೆಯದು ಬೇಕು ಅಂದವರಿಗೆ ಮಾತ್ರ. ಹಿಂದಿನ ಮಡ್‌ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ಮನೆಯ ಒಂದು ಫೋನ್ ನಂಬರ್. ಹೆಸರಿಲ್ಲ, ಮಿಲ್ಲಿನ ಹೆಸರಿಲ್ಲ. ಹೆಂಗಸರಲ್ಲಿ ಯಾರೂ ಬರೆಸಲಿಲ್ಲ. ಫೋನ್ ನಂಬರ್ ರಸ್ತೆಯಲ್ಲಿ ಎಲ್ಲರಿಗೂ ಕಾಣುವುದು ಅವರಿಗೆ ಬೇಡವಾಗಿತ್ತು. ಅವರ ಮಾತು ಸರಿ. ಅವರಲ್ಲಿ ಕೆಲವರು ಸೀಟಿನ ಕೆಳಗೆ ಚೀಟಿ ಇಟ್ಟುಕೊಂಡರು. ಗುಳಿಗೆಯ ವಿಷಯ ಬರೆದುಕೊಳ್ಳುವವರಿಗೂ ಅದೇ ವ್ಯವಸ್ಥೆ. ಪ್ಲಾಸ್ಟಿಕ್ಕಿನಲ್ಲಿ ಮಡಚಿ, ಅಂಟಿಸಿ, ಸೀಟಿನ ಕೆಳಗೆ. ಅದರಲ್ಲಿ ಏನು ಬರೆದಿದ್ದಾರೆ ಅಂತ ನಾವು ನೋಡಲಿಲ್ಲ. ಇಂದಿಗೂ ನನಗೆ ಗೊತ್ತಿಲ್ಲ.

ಇವೆಲ್ಲದರ ಜೊತೆ ಲೈಟು. ಮಿಲ್ಲಿನ ಖರ್ಚಿನಲ್ಲಿ ಎಲ್ಲ ಸೈಕಲ್‌ಗೂ ಹಿಂದೆ ಕೆಂಪು ರಿಫ್ಲೆಕ್ಟರ್, ಎರಡೂ ಗಾಲಿಗೆ ಹೊಳೆಯುವ ಪಟ್ಟಿ, ರಾತ್ರಿ ಪಾಳಿಯವರಿಗೆ ಬ್ಯಾಟರಿ ಲೈಟು. ಕಾಕಾಗೆ ಅವತ್ತು ಬೇಕಾಗಿದ್ದದ್ದು ಮೊದಲು ಇದು. ಚೀಟಿಯ ಮಾತೆಲ್ಲ ಗುದ್ದಿದ ಮೇಲಿನದು.

ನಂಬರ್ ಅಳಿಸಿದವರು

ಮಾರ್ಚ್ ಕೊನೆಯಲ್ಲಿ ನಡೆದದ್ದನ್ನು ಬಿಟ್ಟರೆ ಈ ಬರಹ ಪ್ರಾಮಾಣಿಕ ಆಗುವುದಿಲ್ಲ. ನಮ್ಮ ಹತ್ತೊಂಬತ್ತರ ಹುಡುಗನೊಬ್ಬ ಮಿಲ್ಲಿನಿಂದ ಜೋರಾಗಿ ಹೋಗುವಾಗ ರಸ್ತೆ ಪಕ್ಕ ತರಕಾರಿ ಮಾರುವ ಅಜ್ಜಿಗೆ ಗುದ್ದಿದ. ಅಜ್ಜಿ ಬಿದ್ದು ಮುಂಗೈ ಮುರಿಯಿತು. ಅವನು ಹೆದರಿ ಓಡಿಹೋದ. ಅಲ್ಲಿದ್ದವರು ಮಡ್‌ಗಾರ್ಡ್ ಮೇಲಿನ ನಂಬರ್ ಓದಿ ಫೋನ್ ಮಾಡಿದರು. ಸಂಜೆಯೊಳಗೆ ಅವನ ಅಪ್ಪ ಅವನನ್ನು ಕರೆದುಕೊಂಡು ಬಂದು ಅಜ್ಜಿಯ ಕಾಲಿಗೆ ಬೀಳಿಸಿದರು. ಪ್ಲಾಸ್ಟರ್ ಖರ್ಚು ಕೊಟ್ಟರು.

ಅಜ್ಜಿಗೆ ನ್ಯಾಯ ಸಿಕ್ಕಿತು. ನಂಬರ್ ಇದ್ದದ್ದಕ್ಕೇ ಸಿಕ್ಕಿತು. ಸೈಕಲ್‌ಗೆ ನಂಬರ್ ಬೇಕು ಅನ್ನುವವರ ಮಾತಿನಲ್ಲಿ ಸತ್ಯವಿದೆ ಅಂತ ನಾನು ಅವತ್ತು ಒಪ್ಪಿದೆ, ಈಗಲೂ ಒಪ್ಪುತ್ತೇನೆ. ನಡೆದು ಹೋಗುವ ಮುದುಕಿಗೆ ಸೈಕಲ್ಲೂ ದೊಡ್ಡ ಗಾಡಿಯೇ.

ಮರುದಿನ ಸ್ಟ್ಯಾಂಡಿಗೆ ಹೋದರೆ ಆರು ಸೈಕಲ್‌ಗಳ ಮೇಲೆ ನಂಬರ್ ಕೆರೆದುಹಾಕಿದ್ದರು. ನಮಗೆ ಏನಾದರೂ ಆದರೆ ಮನೆಗೆ ತಿಳಿಯಲಿ ಅಂತ ಬರೆಸಿದ್ದು, ಈಗ ಹಿಡಿಯಲು ಬಳಕೆಯಾಯಿತು ಅಂತ ಅವರ ಭಯ. ಸೂಪರ್‌ವೈಸರ್ ಎಲ್ಲರಿಗೂ ಕಡ್ಡಾಯ ಮಾಡಿಬಿಡೋಣ ಅಂದರು. ನಾನು ಬೇಡ ಅಂದೆ. ಕಡ್ಡಾಯ ಮಾಡಿದರೆ ಮತ್ತೆ ಜಾಲಿ ಗಿಡದ ಹತ್ತಿರವೇ ಸೈಕಲ್ ನಿಲ್ಲುತ್ತವೆ, ಲೈಟು ಹಾಕಿಸಿಕೊಳ್ಳಲೂ ಬರುವುದಿಲ್ಲ ಅಂತ ನನಗೆ ಖಾತ್ರಿ ಇತ್ತು. ಬದಲಿಗೆ ಆ ಹುಡುಗನ ಅಪ್ಪನನ್ನೇ ಪಾಳಿ ಬದಲಾಗುವಾಗ ಮಾತಾಡಲು ಕರೆದೆವು. ಪೊಲೀಸ್ ಕೇಸ್ ಆಗಿದ್ದರೆ ಮಗನ ಗತಿ ಏನಾಗುತ್ತಿತ್ತು, ಆ ಫೋನ್‌ನಿಂದ ಅದು ಹೇಗೆ ತಪ್ಪಿತು ಅಂತ ಅವರು ಹೇಳಿದರು. ಆರರಲ್ಲಿ ಇಬ್ಬರು ಮತ್ತೆ ಬರೆಸಿದರು. ನಾಲ್ವರು ಬರೆಸಲಿಲ್ಲ. ಅವರ ಸೈಕಲ್ ಇವತ್ತಿಗೂ ಹಾಗೇ ಒಳಗೆ ಬರುತ್ತವೆ.

ಈಗ

ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಗಾಯಾಳುವಿಗೆ ಪರಿಹಾರ ಸಿಗುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ. ಮೂಳೆ ಮುರಿದರೆ ಅದು ತೀವ್ರ ಗಾಯವೇ. ಕಾಕಾ ಅವರ ಅರ್ಜಿ ನಾವೇ ಬರೆದುಕೊಟ್ಟೆವು. ಎಂಟು ತಿಂಗಳಾದ ಮೇಲೆ ಹಣ ಬಂತು. ಅರ್ಜಿಗೆ ಆಧಾರ್ ಬೇಕಾಯಿತು, ಪಾಸ್‌ಬುಕ್ ಬೇಕಾಯಿತು. ಎರಡೂ ಮನೆಯ ಟ್ರಂಕಿನಲ್ಲಿ ಭದ್ರವಾಗಿದ್ದವು. ರಸ್ತೆಯಲ್ಲಿ ಜೇಬಿನಲ್ಲಿದ್ದಿದ್ದರೆ ಅವತ್ತು ರಾತ್ರಿ ರಕ್ತದಲ್ಲಿ ನೆನೆದು ಹೋಗುತ್ತಿದ್ದವು ಅಂತ ಅವರ ಹೆಂಡತಿ ಅಂದರು.

ಕಾಕಾ ಈಗ ಚೀಲ ಹೊರುವುದಿಲ್ಲ. ಜರಡಿ ಹತ್ತಿರ ಕೂತು ಮಾಡುವ ಕೆಲಸ ಕೊಟ್ಟಿದ್ದೇವೆ. ಫಿಟ್ಸ್ ಹತೋಟಿಗೆ ಬರುವ ತನಕ ಸೈಕಲ್ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ, ಟಂಟಂ ಆಟೋ ಹತ್ತಿ ಬರುತ್ತಾರೆ. ಪುಸ್ತಕದಲ್ಲಿ ಅವರ ಹೆಸರಿನ ಎದುರು ಅವರೇ ಸಹಿ ಮಾಡುತ್ತಾರೆ. ನಿಧಾನ, ಪೂರ್ತಿ ಹೆಸರು.

ಅವರ ಸೈಕಲ್ಲನ್ನು ಹಿರಿಯರು ರಿಪೇರಿ ಮಾಡಿಕೊಟ್ಟರು. ಪಿಯುಸಿ ಓದುವ ಮಗಳು ಅದನ್ನು ತೆಗೆದುಕೊಂಡು ಹೋಗಲು ಬಂದಿದ್ದಳು. ನಾನು ಬಣ್ಣದ ಡಬ್ಬಿ ತೆಗೆದು, ಮಡ್‌ಗಾರ್ಡ್ ಮೇಲೆ ನಂಬರ್ ಬರೆಯಲೇನಮ್ಮಾ ಅಂತ ಕೇಳಿದೆ.

"ಬ್ಯಾಡ್ರಿ ಅಂಕಲ್, ಚೀಟಿ ನಾನೇ ಬರೆದು ಸೀಟಿನ ಕೆಳಗ ಇಟ್ಕೋತೀನಿ" ಅಂದಳು. "ಲೈಟ್ ಮಾತ್ರ ಛಲೋದು ಹಾಕಿಸ್ಕೊಡ್ರಿ. ಟ್ಯೂಷನ್ ಬಿಡೂದ್ರಾಗ ಕತ್ತಲಾಗ್ತದ."

ಹಿರಿಯರು ಅಂಗಡಿಯಿಂದ ಹೊಸ ಲೈಟ್ ತಂದು ಹ್ಯಾಂಡಲ್‌ಗೆ ಬಿಗಿಯತೊಡಗಿದರು.